ಯಾವುದು ಮೊದಲು ಮುಗಿಯುತ್ತದೆ? ಮೋಲ್ ಲೆಕ್ಕ ಕೈಕೊಟ್ಟಾಗ ದೋಷ ಹುಡುಕುವ ದಾರಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ನಾಲ್ಕೈದು ಪಿಯುಸಿ ಮಕ್ಕಳು ಕೆಮಿಸ್ಟ್ರಿ ಲೆಕ್ಕ ಹಿಡಿದುಕೊಂಡು ಬಂದು ಕೂರುತ್ತಾರೆ. ಹೊರಗೆ ಮಳೆ, ಒಳಗೆ ಒಂದೇ ದೂರು: "ಸರ್, ಎಲ್ಲ ಸರಿಯಾಗೇ ಮಾಡಿದೀನಿ, ಉತ್ತರ ಮಾತ್ರ ಬರ್ತಿಲ್ಲ." ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗರಿಗೆ 'ಲಿಮಿಟಿಂಗ್ ರಿಯೇಜೆಂಟ್' ಎಂಬ ಹೆಸರು ಕೇಳಿದ ಕೂಡಲೇ ಅರ್ಧ ಧೈರ್ಯ ಹೋಗಿರುತ್ತದೆ. ಮಿತಿಕಾರಕ ಅನ್ನಿ, ಮೊದಲು ಮುಗಿಯುವ ಸಾಮಾನು ಅನ್ನಿ, ವಿಷಯ ಅಷ್ಟೇ.

ಇಷ್ಟು ವರ್ಷ ನೋಡಿದ್ದರಲ್ಲಿ ಒಂದು ಗೊತ್ತಾಗಿದೆ. ಈ ಲೆಕ್ಕದಲ್ಲಿ ಆಗುವ ತಪ್ಪುಗಳು ಬೆರಳೆಣಿಕೆಯವು, ಮತ್ತು ಪ್ರತಿ ತಪ್ಪೂ ಉತ್ತರದ ಮೇಲೆ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಉತ್ತರ ಒಂದೂವರೆ ಪಟ್ಟು ಬಂದರೆ ಒಂದು ರೋಗ, ಮೈನಸ್ ಬಂದರೆ ಇನ್ನೊಂದು. ಹಾಗಾಗಿ ಮೊದಲಿನಿಂದ ಇಡೀ ಲೆಕ್ಕ ಮತ್ತೆ ಮಾಡುತ್ತ ಕೂರಬೇಡಿ. ಲಕ್ಷಣ ನೋಡಿ ಅಲ್ಲಿಗೇ ಕೈ ಹಾಕಿ.

ಕೊನೆಗೆ ತೋಟದ ಡ್ರಮ್ಮಿಗೂ ಬರುತ್ತೇನೆ. ಮಲೆನಾಡಿನ ಅಡಿಕೆ ಬೆಳೆಗಾರ ವರ್ಷಕ್ಕೆ ಎರಡು ಸಲವಾದರೂ ಮಿತಿಕಾರಕದ ಲೆಕ್ಕ ಮಾಡುತ್ತಾನೆ, ಹಾಗಂತ ಅವನಿಗೆ ಯಾರೂ ಹೇಳಿರುವುದಿಲ್ಲ ಅಷ್ಟೇ.

ಲಕ್ಷಣ: ಬಂದ ಪದಾರ್ಥದ ತೂಕ ಹಾಕಿದ್ದಕ್ಕಿಂತ ಹೆಚ್ಚು, ಅಥವಾ ಉಳಿಕೆ ಮೈನಸ್

ಇದು ಅತಿ ಸುಲಭದ ಪರೀಕ್ಷೆ. ಪೆನ್ನು ಕೆಳಗಿಡುವ ಮುಂಚೆ ಕೂಡಿಸಿ ನೋಡಿ: ಹಾಕಿದ್ದೆಷ್ಟು ಗ್ರಾಂ, ಬಂದದ್ದು ಮತ್ತು ಉಳಿದದ್ದು ಸೇರಿ ಎಷ್ಟು ಗ್ರಾಂ? ಎರಡೂ ಒಂದೇ ಇರಲೇಬೇಕು. ಹತ್ತು ಸೆಕೆಂಡಿನ ಕೆಲಸ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದಿಲ್ಲ, ಯಾಕೋ ಗೊತ್ತಿಲ್ಲ.

ಉದಾಹರಣೆಗೆ ದೂರ ಹೋಗಬೇಕಿಲ್ಲ, ಭದ್ರಾವತಿಗೆ ಹೋದರೆ ಸಾಕು. 1923ರಲ್ಲಿ ಶುರುವಾದ ಅಲ್ಲಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು, ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲು. ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡು ಅದಿರಿನ ಆಮ್ಲಜನಕ ಕಿತ್ತುಕೊಂಡು ಕಬ್ಬಿಣ ಬಿಡಿಸುತ್ತದೆ (ಮೋಲ್ ಎಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಅಳತೆ):

ಫೆರಿಕ್ ಆಕ್ಸೈಡ್ 1 ಮೋಲ್ + ಕಾರ್ಬನ್ ಮೊನಾಕ್ಸೈಡ್ 3 ಮೋಲ್ → ಕಬ್ಬಿಣ 2 ಮೋಲ್ + ಕಾರ್ಬನ್ ಡೈಆಕ್ಸೈಡ್ 3 ಮೋಲ್

ಪ್ರಶ್ನೆ ಹೀಗಿರಲಿ: 160 ಗ್ರಾಂ ಫೆರಿಕ್ ಆಕ್ಸೈಡ್, 56 ಗ್ರಾಂ ಕಾರ್ಬನ್ ಮೊನಾಕ್ಸೈಡ್. ಕಬ್ಬಿಣ ಎಷ್ಟು ಬರುತ್ತದೆ? ಫೆರಿಕ್ ಆಕ್ಸೈಡಿನ ಒಂದು ಮೋಲ್ 160 ಗ್ರಾಂ, ಆದ್ದರಿಂದ ಅದು 1 ಮೋಲ್. ಕಾರ್ಬನ್ ಮೊನಾಕ್ಸೈಡಿನ ಒಂದು ಮೋಲ್ 28 ಗ್ರಾಂ, ಆದ್ದರಿಂದ ಅದು 2 ಮೋಲ್.

ಅವಸರದ ಹುಡುಗ "ಒಂದು ಮೋಲ್ ಅದಿರಿಗೆ ಎರಡು ಮೋಲ್ ಕಬ್ಬಿಣ" ಎಂದು 112 ಗ್ರಾಂ ಬರೆದುಬಿಡುತ್ತಾನೆ. ಜೊತೆಗೆ 3 ಮೋಲ್ ಕಾರ್ಬನ್ ಡೈಆಕ್ಸೈಡ್, 132 ಗ್ರಾಂ. ಎರಡೂ ಸೇರಿ 244. ಕುಲುಮೆಗೆ ಹಾಕಿದ್ದು 216. ಹೆಚ್ಚುವರಿ 28 ಗ್ರಾಂ ಆಕಾಶದಿಂದ ಉದುರಿತೇ? ಉಳಿಕೆ ತೆಗೆಯಲು ಹೋದರೆ ಇನ್ನೂ ಚೆನ್ನ: ಕಾರ್ಬನ್ ಮೊನಾಕ್ಸೈಡ್ ಇದ್ದದ್ದು 2, ಖರ್ಚಾದದ್ದು 3, ಉಳಿದದ್ದು ಮೈನಸ್ 1. ಅಂಗಡಿಯಲ್ಲಿ ಸಾಲ ಸಿಗಬಹುದು, ಕುಲುಮೆಯಲ್ಲಿ ಸಿಗುವುದಿಲ್ಲ.

ಅರ್ಥ ಸ್ಪಷ್ಟ: ಮಿತಿಕಾರಕವನ್ನು ತಪ್ಪಾಗಿ ಆರಿಸಿದ್ದೀರಿ. ಯಾವುದರ ಉಳಿಕೆ ಮೈನಸ್ ಬಂತೋ ಅದೇ ನಿಜವಾದ ಮಿತಿಕಾರಕ. ಅದರಿಂದ ಮತ್ತೆ ಶುರು ಮಾಡಿ. ಕಾರ್ಬನ್ ಮೊನಾಕ್ಸೈಡ್ 2 ಮೋಲ್ ಪೂರ್ತಿ ಖರ್ಚಾದರೆ ಅದಿರು ಬೇಕಾದದ್ದು ಮೂರನೇ ಎರಡು ಭಾಗ ಮೋಲ್, ಬರುವ ಕಬ್ಬಿಣ 1.33 ಮೋಲ್, ಅಂದರೆ 74.7 ಗ್ರಾಂ. ಕಾರ್ಬನ್ ಡೈಆಕ್ಸೈಡ್ 88 ಗ್ರಾಂ. ಅದಿರಿನ ಉಳಿಕೆ ಮೂರನೇ ಒಂದು ಭಾಗ ಮೋಲ್, 53.3 ಗ್ರಾಂ. ಕೂಡಿಸಿ: 74.7, 88, 53.3 ಸೇರಿ 216. ಪೆನ್ನು ಇಡಬಹುದು.

ಒಂದು ಎಚ್ಚರಿಕೆ. ಮೈನಸ್ ಉಳಿಕೆಯನ್ನೂ ಸೇರಿಸಿ ಕೂಡಿಸಿದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ, ಮೇಲಿನ ತಪ್ಪು ಲೆಕ್ಕದಲ್ಲೂ 244ರಿಂದ 28 ಕಳೆದರೆ 216 ಬರುತ್ತದೆ. ಮೊತ್ತ ಸರಿ ಇದೆ ಎಂದು ಬೀಗುವ ಮುಂಚೆ ಮೈನಸ್ ಗುರುತು ಎಲ್ಲಾದರೂ ಅಡಗಿದೆಯೇ ನೋಡಿ.

ಲಕ್ಷಣ: ಕೆಲವು ಲೆಕ್ಕ ಸರಿ ಬರುತ್ತವೆ, ಕೆಲವು ತಪ್ಪುತ್ತವೆ, ಕಾರಣ ತಿಳಿಯುತ್ತಿಲ್ಲ

ಹೀಗಾದರೆ ನಿಮ್ಮ ನಿಯಮವೇ ತಪ್ಪು, ಅದೃಷ್ಟ ಮಾತ್ರ ಆಗಾಗ ಸರಿ. ಎರಡು ತಪ್ಪು ನಿಯಮಗಳು ಚಾಲ್ತಿಯಲ್ಲಿವೆ.

ಮೊದಲನೆಯದು: ಗ್ರಾಂ ಕಡಿಮೆ ಇರುವುದೇ ಮಿತಿಕಾರಕ. ಮೇಲಿನ ಭದ್ರಾವತಿ ಲೆಕ್ಕಕ್ಕೆ ಈ ನಿಯಮ ಹಾಕಿ ನೋಡಿ. 160ಕ್ಕಿಂತ 56 ಕಡಿಮೆ, ಆದ್ದರಿಂದ ಕಾರ್ಬನ್ ಮೊನಾಕ್ಸೈಡ್. ಉತ್ತರ ಸರಿ! ಇದೇ ಅಪಾಯ, ಸಾಗರಕ್ಕೆ ಹೊರಟು ದಾರಿ ತಪ್ಪಿ ಹೊಸನಗರ ಸುತ್ತಿ ಹೇಗೋ ಸಾಗರ ಸೇರಿದ ಹಾಗೆ. ಮುಂದಿನ ಸಲ ಸೇರುವುದಿಲ್ಲ. 10 ಗ್ರಾಂ ಹೈಡ್ರೋಜನ್ ಮತ್ತು 64 ಗ್ರಾಂ ಆಕ್ಸಿಜನ್ ಕೊಟ್ಟರೆ ಹಗುರಾಗಿರುವ ಹೈಡ್ರೋಜನ್ 5 ಮೋಲ್ ಇರುತ್ತದೆ, ಆಕ್ಸಿಜನ್ 2 ಮೋಲ್. ಒಂದು ಮೋಲ್ ಆಕ್ಸಿಜನ್ನಿಗೆ ಎರಡು ಮೋಲ್ ಹೈಡ್ರೋಜನ್ ಸಾಕು. ಮೊದಲು ಮುಗಿಯುವುದು ಭಾರದ ಆಕ್ಸಿಜನ್ನೇ. ನೀರು 72 ಗ್ರಾಂ, ಉಳಿಯುವ ಹೈಡ್ರೋಜನ್ 2 ಗ್ರಾಂ.

ಎರಡನೆಯದು: ಮೋಲ್ ಕಡಿಮೆ ಇರುವುದೇ ಮಿತಿಕಾರಕ. ಸ್ವಲ್ಪ ಓದಿದವರ ತಪ್ಪು ಇದು. ಭದ್ರಾವತಿ ಲೆಕ್ಕದಲ್ಲಿ ಅದಿರು 1 ಮೋಲ್, ಅನಿಲ 2 ಮೋಲ್. ಈ ನಿಯಮ ಅದಿರನ್ನು ಹಿಡಿಯುತ್ತದೆ, ನೇರ ಮೈನಸ್ ಗುಂಡಿಗೆ ಬೀಳಿಸುತ್ತದೆ.

ಮಕ್ಕಳಿಗೆ ನಾನು ಹರಿವಾಣ ತಂದು ತೋರಿಸುತ್ತೇನೆ. ಒಂದು ಕವಳಕ್ಕೆ ಎರಡು ವೀಳ್ಯದೆಲೆ, ಒಂದು ಹೋಳು ಅಡಿಕೆ ಎಂದಿಟ್ಟುಕೊಳ್ಳಿ. ಹರಿವಾಣದಲ್ಲಿ 12 ಎಲೆ, 8 ಹೋಳು. ಎಣಿಕೆಯಲ್ಲಿ ಎಲೆಯೇ ಹೆಚ್ಚು. ಆರು ಕವಳ ಕಟ್ಟುವಷ್ಟರಲ್ಲಿ ಎಲೆ ಖಾಲಿ, ಎರಡು ಹೋಳು ಅಲ್ಲೇ ಉಳಿದಿರುತ್ತವೆ. ಎಷ್ಟಿದೆ ಎಂದು ಕೇಳಿದರೆ ಸಾಲದು, ಎಷ್ಟು ಕವಳಕ್ಕೆ ಸಾಕು ಎಂದು ಕೇಳಬೇಕು. ಎಲೆ 12 ಭಾಗಿಸು 2, ಆರಕ್ಕೆ ಸಾಕು. ಹೋಳು 8 ಭಾಗಿಸು 1, ಎಂಟಕ್ಕೆ ಸಾಕು. ಚಿಕ್ಕ ಸಂಖ್ಯೆ ಯಾರದ್ದೋ ಅವರು ಮೊದಲು ಮುಗಿಯುತ್ತಾರೆ.

ರಸಾಯನದಲ್ಲೂ ಅದೇ. ಪ್ರತಿಯೊಂದರ ಮೋಲನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ. ಅದಿರು 1 ಭಾಗಿಸು 1, ಒಂದು. ಅನಿಲ 2 ಭಾಗಿಸು 3, 0.67. ಅನಿಲ ಮೊದಲು ಮುಗಿಯುತ್ತದೆ. ಮೂರು ಪದಾರ್ಥ ಇದ್ದರೂ ನಾಲ್ಕಿದ್ದರೂ ದಾರಿ ಇದೊಂದೇ. ಒಂದು ಮಾತು ನೆನಪಿರಲಿ: ಈ ಭಾಗಾಕಾರ ಯಾರು ಮೊದಲು ಮುಗಿಯುತ್ತಾರೆ ಎಂದು ತಿಳಿಯಲು ಮಾತ್ರ. ಕೆಲವರು 0.67 ಅನ್ನೇ ಅನಿಲದ ಮೋಲ್ ಎಂದುಕೊಂಡು ಮುಂದೆ ಗುಣಿಸಿ ಹೋಗುತ್ತಾರೆ. ಅನಿಲ ಈಗಲೂ 2 ಮೋಲೇ.

ಲಕ್ಷಣ: ಒಟ್ಟು ತೂಕ ಕಡಿಮೆ ಬೀಳುತ್ತಿದೆ

ಸಮೀಕರಣ ಸರಿದೂಗಿಸದೆಯೇ ಲೆಕ್ಕಕ್ಕೆ ಇಳಿದಾಗ ಹೆಚ್ಚಾಗಿ ಹೀಗಾಗುತ್ತದೆ. ಅದೇ 160 ಮತ್ತು 56 ಗ್ರಾಂ ತೆಗೆದುಕೊಂಡು ಎಲ್ಲದರ ಮುಂದೆ ಒಂದೊಂದೇ ಎಂದು ಲೆಕ್ಕ ಹಾಕಿದರೆ ಕಬ್ಬಿಣ 56, ಕಾರ್ಬನ್ ಡೈಆಕ್ಸೈಡ್ 44, ಉಳಿದ ಅನಿಲ 28. ಮೊತ್ತ 128. ಎಂಬತ್ತೆಂಟು ಗ್ರಾಂ ಮಾಯ.

ಬಾಣದ ಎರಡೂ ಕಡೆ ಒಂದೊಂದೇ ಧಾತುವಿನ ಪರಮಾಣು ಎಣಿಸಿ. ಸರಿದೂಗದಿದ್ದರೆ ಸೂತ್ರದ ಮುಂದಿನ ಅಂಕಿ ಬದಲಿಸಿ, ಸೂತ್ರದ ಕೆಳಗಿನ ಪುಟ್ಟ ಅಂಕಿ ಮುಟ್ಟಬೇಡಿ. ಅದನ್ನು ಮುಟ್ಟಿದರೆ ಪದಾರ್ಥವೇ ಬೇರೆಯಾಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಒಂದು ಆಕ್ಸಿಜನ್ ಜಾಸ್ತಿ ಅಂಟಿಸಿ ಸರಿದೂಗಿಸಿದವನೊಬ್ಬನಿದ್ದ. ಕುಲುಮೆಯಲ್ಲಿ ಕೆಲಸ ಮಾಡಬೇಕಾದ ಅನಿಲವನ್ನೇ ಅವನು ಚಿಮಣಿಯಿಂದ ಹೊರಹೋಗುವ ಅನಿಲ ಮಾಡಿಬಿಟ್ಟಿದ್ದ.

ಇಲ್ಲೊಂದು ಕಡೆ ನಿಲ್ಲಬೇಕು. ಯಾವ ಪದಾರ್ಥ ಹುಟ್ಟುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಲೆಕ್ಕದಿಂದ ಅದನ್ನು ಕಂಡುಹಿಡಿಯಲು ಆಗುವುದಿಲ್ಲ. ಊಹಿಸುತ್ತ ಅರ್ಧ ಗಂಟೆ ಕಳೆಯುವ ಬದಲು ಪುಸ್ತಕ ತೆಗೆಯಿರಿ ಅಥವಾ ಮೇಷ್ಟ್ರನ್ನು ಕೇಳಿ.

ಲಕ್ಷಣ: ಉತ್ತರ ಒಂದೂವರೆ ಪಟ್ಟು, ಎರಡು ಪಟ್ಟು, ಸಾವಿರ ಪಟ್ಟು

ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ ನೋಡಿ. ಬರುವ ಸಂಖ್ಯೆಯೇ ಕಳ್ಳನನ್ನು ತೋರಿಸುತ್ತದೆ.

ಸಾವಿರ ಬಂದರೆ ಕಿಲೋ-ಗ್ರಾಂ ಅಥವಾ ಲೀಟರ್-ಮಿಲಿಲೀಟರ್. ಮುಂದೆ ಹೋಗೋಣ.

ಎರಡು ಬಂದರೆ ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್ ಅನಿಲಗಳ ಒಂಟಿ ಪರಮಾಣುವಿನ ತೂಕ ಹಾಕಿದ್ದೀರಿ. ಅವು ಜೋಡಿಯಾಗಿ ಇರುವ ಅನಿಲಗಳು: ಆಕ್ಸಿಜನ್ ಅನಿಲಕ್ಕೆ 16 ಅಲ್ಲ, 32.

1.3ರ ಆಸುಪಾಸು ಬಂದು, ಲೆಕ್ಕದಲ್ಲಿ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇದ್ದರೆ ಸೂತ್ರದ ಆವರಣದ (ಬ್ರಾಕೆಟ್ಟಿನ) ತಪ್ಪು. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಲ್ಲಿ ಹೈಡ್ರಾಕ್ಸೈಡ್ ಎರಡು. ಮೋಲಾರ್ ರಾಶಿ (ಒಂದು ಮೋಲಿನ ತೂಕ) 74, ಒಂದನ್ನೇ ಎಣಿಸಿದವರಿಗೆ 57.

1.56 ಬಂದರೆ ನನಗೆ ಒಳಗೊಳಗೇ ಖುಷಿ, ಯಾಕೆಂದರೆ ಇದು ಮೈಲುತುತ್ತದ ಸಹಿ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನಲ್ಲಿ ಒಂದೊಂದು ಕಾಪರ್ ಸಲ್ಫೇಟಿಗೆ ಐದೈದು ನೀರಿನ ಅಣು ಸೇರಿಕೊಂಡಿವೆ. ಕಾಪರ್ ಸಲ್ಫೇಟ್ ಮಾತ್ರ ಆದರೆ 159.5, ನೀರು ಸೇರಿ 249.5. ಹರಳನ್ನು ತೂಗಿ 159.5ರಿಂದ ಭಾಗಿಸಿದರೆ ಕಿಲೋದಲ್ಲಿ 6.27 ಮೋಲ್ ಕಾಣುತ್ತದೆ, ನಿಜಕ್ಕೆ ಇರುವುದು 4. ನೀರಿಗೆ ಕೊಟ್ಟ ದುಡ್ಡನ್ನು ತಾಮ್ರದ ಖಾತೆಗೆ ಬರೆದ ಹಾಗಾಯಿತು. ಡಬ್ಬಿಯ ಮೇಲಿನ ಚೀಟಿ ಓದಿ, ಬಣ್ಣ ನೋಡಿ: ನೀಲಿ ಇದ್ದರೆ ನೀರಿದೆ, ನೀರು ಹೋದರೆ ಅದು ಬಿಳಿ ಪುಡಿ.

ಒಂದು ಶೇಕಡಾದಷ್ಟೇ ವ್ಯತ್ಯಾಸ ಇದ್ದು ಲೆಕ್ಕ ಅನಿಲದ್ದಾಗಿದ್ದರೆ 22.4 ಮತ್ತು 22.7 ಲೀಟರಿನ ಗೊಂದಲ. ಸೊನ್ನೆ ಡಿಗ್ರಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಎಂದರೆ ಮೊದಲನೆಯದು, 1 ಬಾರ್ ಎಂದರೆ ಎರಡನೆಯದು. ಪ್ರಶ್ನೆ ಏನು ಹೇಳಿದೆಯೋ ಅದು.

ಲಕ್ಷಣ: ಸಮ ತೂಕ ಹಾಕಿದರೂ ಚಾಕು ಕೆಂಪಾಯಿತು

ಈಗ ತೋಟಕ್ಕೆ ಬಂದೆವು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲೆಲ್ಲ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಈಗ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬಂದದ್ದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ. ರಸ್ತೆ ಬದಿಯ ಹಣ್ಣನ್ನು ಯಾರೂ ಕೀಳಬಾರದೆಂದು ಬಳ್ಳಿಗೆ ಮೈಲುತುತ್ತ-ಸುಣ್ಣ ಎರಚಿದ್ದರು. ಎರಚಿದ ಬಳ್ಳಿಗೆ ಬೂಷ್ಟು ಹತ್ತಿಲ್ಲದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಗೆ ಅದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಇದು ಎಲ್ಲರಿಗೂ ಬಾಯಿಪಾಠ.

ಒಂದಕ್ಕೆ ಒಂದು ಎಂಬುದು ತೂಕದ ಲೆಕ್ಕ, ಮೋಲಿನದ್ದಲ್ಲ. ಮೋಲಿಗೆ ತಿರುಗಿಸಿ ನೋಡಿ. ಮೈಲುತುತ್ತ 1000 ಭಾಗಿಸು 249.5, ನಾಲ್ಕು ಮೋಲ್. ಅರಳಿದ ಸುಣ್ಣ 1000 ಭಾಗಿಸು 74, ಹದಿಮೂರೂವರೆ ಮೋಲ್. ಸರಳ ಸಮೀಕರಣದಲ್ಲಿ ಇವೆರಡೂ ಒಂದಕ್ಕೊಂದು ಸೇರಿ ಕಾಪರ್ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತವೆ. ಅಂದರೆ ಒಂದು ಕಿಲೋ ಮೈಲುತುತ್ತಕ್ಕೆ 300 ಗ್ರಾಂ ಒಳ್ಳೆಯ ಸುಣ್ಣ ಸಾಕು! ಡ್ರಮ್ಮಿನಲ್ಲಿ ಹುಟ್ಟುವುದು ಸಲ್ಫೇಟೂ ಸೇರಿಕೊಂಡ ಬೇಸಿಕ್ ಲವಣಗಳಾದ್ದರಿಂದ ನಿಜವಾಗಿ ಇನ್ನೂ ಕಡಿಮೆ ಹಿಡಿಯುತ್ತದೆ.

ಹಾಗಾದರೆ ಮೂರು ಪಟ್ಟಿಗಿಂತ ಹೆಚ್ಚು ಸುಣ್ಣ ಯಾಕೆ? ಮೊದಲು ಮುಗಿಯಬೇಕಾದದ್ದು ತಾಮ್ರವೇ ಆಗಿರಲಿ ಎಂದು. ಕರಗಿದ ತಾಮ್ರ ಉಳಿದರೆ ಎಳೆಕಾಯಿ, ಸಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟು ಹೋಗುತ್ತವೆ. ಸುಣ್ಣ ಉಳಿದರೆ ಗೊನೆ ಬೆಳ್ಳಗಾಗುತ್ತದೆ, ಅಷ್ಟೇ. ಊದುಕುಲುಮೆಯಲ್ಲೂ ಇದೇ ಉಪಾಯ. ಅದಿರು ಉಳಿಯದಿರಲೆಂದು ಕಾರ್ಬನ್ ಮೊನಾಕ್ಸೈಡನ್ನು ಮಿಗುವಷ್ಟು ಇಡುತ್ತಾರೆ, ಮೇಲೆ ಹೊರಬರುವ ಅನಿಲದಲ್ಲಿ ಅದು ಇನ್ನೂ ಇರುತ್ತದೆ, ಅದನ್ನೇ ಉರಿಸಿ ಗಾಳಿ ಕಾಯಿಸುತ್ತಾರೆ.

ಚಾಕು ಪರೀಕ್ಷೆ ಗೊತ್ತಲ್ಲ: ತಯಾರಾದ ದ್ರಾವಣದಲ್ಲಿ ಕಬ್ಬಿಣದ ಚಾಕು ಅಥವಾ ಮೊಳೆ ಕೆಲವು ನಿಮಿಷ ಅದ್ದಿಟ್ಟು ತೆಗೆಯುವುದು. ತಾಮ್ರ ಉಳಿದಿದ್ದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ, ಚಾಕು ಕೆಂಪಗಾಗುತ್ತದೆ. ಒಂದು ಜೂನ್‌ನಲ್ಲಿ ನಮ್ಮ ಮನೆಯ ಚಾಕು ಕೆಂಪಾಯಿತು. ತೂಕ ಸರಿಯಾಗಿಯೇ ಹಾಕಿದ್ದೆವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬುಡದಲ್ಲಿ ಕಾಯುತ್ತಿದ್ದ, ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಅಂಥ ಹೊತ್ತಿಗೆ ಯಾವ ಕ್ರಮದಲ್ಲಿ ಹುಡುಕಬೇಕು ಎಂದು ಆ ದಿನ ಕಲಿತೆ.

ಮೊದಲು ಚಾಕುವನ್ನೇ ಅನುಮಾನಿಸಿ. ತುಕ್ಕು ಕೂಡ ಕೆಂಪೇ. ಮರಳು ಕಾಗದದಲ್ಲಿ ಹೊಳೆಯುವ ಹಾಗೆ ತಿಕ್ಕಿ ಮತ್ತೆ ಅದ್ದಿ. ತುಕ್ಕು ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆ, ತಾಮ್ರ ತಿಕ್ಕಿದರೆ ಹೊಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಚಾಕು ಈ ಕೆಲಸಕ್ಕೆ ಬೇಡ, ತಾಮ್ರ ಇದ್ದರೂ ಅದು ಬಾಯಿ ಬಿಡದಿರಬಹುದು.

ಆಮೇಲೆ ತಕ್ಕಡಿ. ಮೈಲುತುತ್ತ ಪ್ಯಾಕೆಟ್ಟಿನ ಕಿಲೋ, ಸುಣ್ಣ ಡಬ್ಬಿಯ ಅಂದಾಜು ಆಗಿರುವುದು ಮಾಮೂಲು.

ಮೂರನೆಯದು ಸುಣ್ಣದ ಜೀವ. ನಮ್ಮದು ಅಟ್ಟದ ಮೇಲೆ ಎರಡು ಮಳೆಗಾಲ ಕಳೆದ ಚೀಲ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ನಿಧಾನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದಂಥ ವಸ್ತು ಆಗುತ್ತದೆ. ನೋಡಲು ಅದೇ ಬಿಳಿ, ತೂಗಿದರೂ ಕಿಲೋ ಕಿಲೋವೇ. ಒಂದು ಚಿಟಿಕೆ ತೆಗೆದು ನಿಂಬೆರಸ ಹಿಂಡಿ: ಜೋರಾಗಿ ನೊರೆಗಟ್ಟಿದರೆ ಬಹಳಷ್ಟು ಕಾರ್ಬೊನೇಟ್ ಆಗಿದೆ ಎಂದರ್ಥ. ನಮ್ಮದು ಬುಸ್ಸೆಂದಿತು. ನೀರು ಹಾಕಿದಾಗ ಬಿಸಿ ಏಳಲಿಲ್ಲ ಎಂಬುದನ್ನು ಮಾತ್ರ ನಂಬಬೇಡಿ. ಸುಟ್ಟ ಸುಣ್ಣ ಬಿಸಿಯೇಳುತ್ತದೆ, ಆಗಲೇ ಅರಳಿದ ಒಳ್ಳೆಯ ಸುಣ್ಣವೂ ಏಳುವುದಿಲ್ಲ.

ಲೆಕ್ಕದಲ್ಲಿ ನೋಡಿ. ಆ ಕಿಲೋದಲ್ಲಿ ಬದುಕಿದ್ದ ಸುಣ್ಣ 200 ಗ್ರಾಂ ಮಾತ್ರ ಎಂದುಕೊಂಡರೆ 2.7 ಮೋಲ್. ತಾಮ್ರ 4 ಮೋಲ್. ಈಗ ಮಿತಿಕಾರಕ ಸುಣ್ಣ! ಸರಳ ಸಮೀಕರಣದ ಪ್ರಕಾರ 1.3 ಮೋಲ್, ಅಂದರೆ 325 ಗ್ರಾಂ ಮೈಲುತುತ್ತ ಹಾಗೇ ಉಳಿಯುತ್ತದೆ. ಬೇಸಿಕ್ ಲವಣದ ಲೆಕ್ಕ ಹಿಡಿದರೂ 100 ಗ್ರಾಂ. ತಕ್ಕಡಿ ಸುಳ್ಳು ಹೇಳಲಿಲ್ಲ, ನಾವು ಅದನ್ನು ಬೇರೇನೋ ಕೇಳಿದ್ದೆವು.

ಪರಿಹಾರ ದೊಡ್ಡದೇನಲ್ಲ. ಹೊಸ ಸುಣ್ಣದ ತಿಳಿಹಾಲು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ, ಪ್ರತಿ ಸಲ ತಿಕ್ಕಿದ ಚಾಕು ಅದ್ದಿ ನೋಡಿ, ಕೆಂಪು ನಿಲ್ಲುವವರೆಗೆ. ನಾವು ಪಕ್ಕದ ಮನೆಯಿಂದ ಸುಣ್ಣ ತಂದೆವು. ಆ ಹೊತ್ತಿಗೆ ಮಳೆ ಹಿಡಿದು ಅಂದಿನ ಡ್ರಮ್ ವ್ಯರ್ಥವಾಯಿತು, ಅದು ಬೇರೆ ಮಾತು. ತಯಾರಿಸಿದ ದಿನವೇ ಹೊಡೆಯಬೇಕಾದ ಔಷಧಿ ಅದು, ಇಟ್ಟರೆ ಕಣಕಣವಾಗಿ ತಳ ಸೇರುತ್ತದೆ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸುಟ್ಟ ಸುಣ್ಣ ಅರಳುವಾಗ ಕುದಿದು ಎರಚುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಮನೆಮದ್ದು ಬೇಡ. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣದ ಅಥವಾ ತಗಡಿನ ಪಾತ್ರೆ ಬೇಡ. ಚಾಕುವಿಗೆ ಆದದ್ದೇ ಪಾತ್ರೆಗೂ ಆಗುತ್ತದೆ. ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು. ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಿರಿ. ಮಿಕ್ಕದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ, ನಮ್ಮ ಹಳ್ಳಗಳೆಲ್ಲ ಕೊನೆಗೆ ತುಂಗೆಗೇ ಸೇರುವುದು. ಹೊಸ ಸುಣ್ಣ ಹಾಕುತ್ತಲೇ ಹೋದರೂ ಚಾಕು ಕೆಂಪಾಗುತ್ತಿದ್ದರೆ ಆ ದ್ರಾವಣವನ್ನು ಗೊನೆಗೆ ಹೊಡೆಯದೆ ನಿಲ್ಲಿಸಿ, ಸುಣ್ಣ ಮತ್ತು ಮೈಲುತುತ್ತದ ಸ್ಯಾಂಪಲ್ ಹಿಡಿದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಹೋಗಿ.

ಲಕ್ಷಣ: ಲೆಕ್ಕ ಸರಿ, ಲ್ಯಾಬಿನಲ್ಲಿ ಕೈಗೆ ಬಂದದ್ದೇ ಬೇರೆ

ಮೋರ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್ ಹರಳು) ತಯಾರಿಸುವ ಪ್ರಾಕ್ಟಿಕಲ್ಲಿನಲ್ಲಿ ಈ ದೂರು ಬರುತ್ತದೆ. ಫೆರಸ್ ಸಲ್ಫೇಟ್ ಹರಳು 7 ಗ್ರಾಂ, ಅಮೋನಿಯಂ ಸಲ್ಫೇಟ್ 3.5 ಗ್ರಾಂ. ಮೋಲಾರ್ ರಾಶಿ 278 ಮತ್ತು 132. ಮೋಲ್ 0.0252 ಮತ್ತು 0.0265. ಒಂದಕ್ಕೊಂದು ಸೇರುವ ಕ್ರಿಯೆ, ಫೆರಸ್ ಸಲ್ಫೇಟ್ ಕೂದಲೆಳೆಯಲ್ಲಿ ಮೊದಲು ಮುಗಿಯುತ್ತದೆ. ಮೋರ್ ಸಾಲ್ಟ್ 392, ಬರಬೇಕಾದದ್ದು 9.87 ಗ್ರಾಂ.

ಏಳು ಗ್ರಾಂ ಬಂದರೆ ಗಾಬರಿ ಬೇಡ. ಒಂದಷ್ಟು ಉಪ್ಪು ತಾಯಿದ್ರಾವಣದಲ್ಲೇ (ಹರಳು ಕಟ್ಟಿದ ಮೇಲೆ ಉಳಿಯುವ ನೀರಿನಲ್ಲಿ) ಕರಗಿ ಉಳಿಯುತ್ತದೆ, ಒಂದಷ್ಟು ಫಿಲ್ಟರ್ ಕಾಗದಕ್ಕೆ. ಹನ್ನೊಂದು ಗ್ರಾಂ ಬಂದರೆ ಮಾತ್ರ ಮೇಷ್ಟ್ರು ನಗುತ್ತಾರೆ. ಅದು ಒದ್ದೆ ಉಪ್ಪು. ಜುಲೈ ತಿಂಗಳಲ್ಲಿ ಇಲ್ಲಿ ಹಾಸಿಗೆಯೇ ಒಣಗುವುದಿಲ್ಲ, ಹರಳು ಎಲ್ಲಿ ಒಣಗೀತು! ಫಿಲ್ಟರ್ ಕಾಗದದ ನಡುವೆ ಒತ್ತಿ, ತೂಗಿ, ಮತ್ತೆ ಒತ್ತಿ ತೂಗಿ. ಎರಡು ತೂಕ ಒಂದೇ ಬರುವವರೆಗೆ. ಬೇಗ ಆಗಲೆಂದು ಬೆಂಕಿ ತೋರಿಸಿದರೆ ಹರಳಿನೊಳಗಿನ ನೀರೂ ಹೋಗುತ್ತದೆ, ತಿಳಿ ಹಸಿರು ಕಂದಾಗುತ್ತದೆ. ಬಾಟಲಿಯ ಫೆರಸ್ ಸಲ್ಫೇಟೇ ಕಂದು ಹಿಡಿದಿದ್ದರೆ ಅದು ನಮ್ಮ ಅಟ್ಟದ ಸುಣ್ಣದ ಜಾತಿ, ಬೇರೆ ಬಾಟಲಿ ಕೇಳಿ. ಈ ಪ್ರಯೋಗಕ್ಕೆ ಬೇಕಾಗುವ ಸಲ್ಫ್ಯೂರಿಕ್ ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಎಂದೂ ಹಾಕಬೇಡಿ.

ಲಕ್ಷಣ: ಲೆಕ್ಕ ಬರುತ್ತದೆ, ನಂಬಿಕೆ ಬರುತ್ತಿಲ್ಲ

ನಾಲ್ಕು ಬಾಟಲಿ, ನಾಲ್ಕು ಬಲೂನು, ವಿನೆಗರ್, ಅಡುಗೆ ಸೋಡಾ, ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಪ್ರತಿ ಬಾಟಲಿಗೂ 100 ಮಿಲಿ ವಿನೆಗರ್. ಬಲೂನುಗಳೊಳಗೆ ಕ್ರಮವಾಗಿ 2, 4, 6, 8 ಗ್ರಾಂ ಸೋಡಾ. ಬಲೂನನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಎತ್ತಿ ಸೋಡಾ ಬೀಳಿಸಿ. ಬಾಟಲಿಗೆ ಮುಚ್ಚಳ ಹಾಕಿ ತಿರುಗಿಸುವ ಹುಡುಗಾಟ ಮಾತ್ರ ಬೇಡ, ಸಿಡಿಯುತ್ತದೆ.

ವಿನೆಗರ್ ಚೀಟಿಯಲ್ಲಿ ಶೇಕಡಾ 4 ಎಂದಿದ್ದರೆ 100 ಮಿಲಿಯಲ್ಲಿ ಅಸಿಟಿಕ್ ಆಮ್ಲ ಸುಮಾರು 4 ಗ್ರಾಂ, 60ರಿಂದ ಭಾಗಿಸಿದರೆ 0.067 ಮೋಲ್. ಸೋಡಾ 84ರಿಂದ ಭಾಗಿಸಿ: 0.024, 0.048, 0.071, 0.095. ಇದೂ ಒಂದಕ್ಕೊಂದರ ಕ್ರಿಯೆ. ಮೊದಲೆರಡು ಬಾಟಲಿಯಲ್ಲಿ ಸೋಡಾ ಮೊದಲು ಮುಗಿಯುತ್ತದೆ, ಕೊನೆಯೆರಡರಲ್ಲಿ ವಿನೆಗರ್. ಬಲೂನು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಬಂದು ಮೂರನೆಯದು ಮತ್ತು ನಾಲ್ಕನೆಯದು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ನಿಲ್ಲುತ್ತವೆ.

ನೊರೆ ಪೂರ್ತಿ ಇಳಿದ ಮೇಲೆ ಬಲೂನು ತೆಗೆದು ಎರಡನೇ ಬಾಟಲಿಗೆ ಒಂದು ಚಮಚ ವಿನೆಗರ್ ಹಾಕಿ. ಏನೂ ಆಗುವುದಿಲ್ಲ. ನಾಲ್ಕನೆಯದಕ್ಕೆ ಅದೇ ಚಮಚ ಹಾಕಿದರೆ ಮತ್ತೆ ಬುಸ್ ಎನ್ನುತ್ತದೆ. ನಮ್ಮ ಜಗಲಿಯಲ್ಲಿ ಆ ಸದ್ದು ಕೇಳಿದ ಹುಡುಗಿಯೊಬ್ಬಳು ಪುಸ್ತಕ ಬಿಡಿಸಿ, ತಾನು ಹೊಡೆದು ಹಾಕಿದ್ದ ಹಿಂದಿನ ದಿನದ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಳು: "ಸೋಡಾ ಉಳಿದಿದೆ, 0.028."